ಉಪ್ಪು ತಿಂದವರು ಹಾರಲಾರರು

ಜಮೈಕಾದ ರಾಷ್ಟ್ರೀಯ ತಿನಿಸಿನಲ್ಲಿ ಮುಖ್ಯವಾಗಿ ಇರುವುದು ಎರಡೇ ಪದಾರ್ಥ. ಒಂದು ಆಕೀ ಎಂಬ ಹಣ್ಣು. ಅದರ ಮರ ಪಶ್ಚಿಮ ಆಫ್ರಿಕಾದಿಂದ ಬಂದದ್ದು. ಇನ್ನೊಂದು ಉಪ್ಪುಮೀನು, ಅದು ಬಂದದ್ದು ಉತ್ತರ ಅಮೆರಿಕದ ತಣ್ಣನೆಯ ಕಡಲಿನಿಂದ. ಕಿಂಗ್‌ಸ್ಟನ್ನಿನ ಬೀದಿಬದಿಯ ಹೋಟೆಲೊಂದರಲ್ಲಿ ಕೂತು ಅದನ್ನು ತಿನ್ನುತ್ತಿದ್ದಾಗ ಒಂದು ಪ್ರಶ್ನೆ ಕಾಡತೊಡಗಿತು. ಸುತ್ತಲೂ ಮೀನು ತುಂಬಿದ ಸಮುದ್ರ ಇಟ್ಟುಕೊಂಡು ಈ ಜನ ಎಲ್ಲಿಯದೋ ಒಣ ಕಾಡ್ ಮೀನನ್ನು ಏಕೆ ತಮ್ಮದಾಗಿಸಿಕೊಂಡರು? ಉತ್ತರ ಕಬ್ಬಿನ ತೋಟದಲ್ಲಿದೆ. ಗುಲಾಮರು ಮೀನು ಹಿಡಿಯುತ್ತ ಹೊತ್ತು ಕಳೆಯುವುದು ತೋಟದ ಮಾಲೀಕರಿಗೆ ಬೇಕಿರಲಿಲ್ಲ. ನ್ಯೂಫೌಂಡ್‌ಲ್ಯಾಂಡ್, ನೋವಾ ಸ್ಕೋಷಿಯಾ ಕಡೆ ಯುರೋಪಿನ ಗಿರಾಕಿಗಳು ಬೇಡವೆಂದು ಬಿಟ್ಟ ಕಳಪೆ ಮೀನು ಅಗ್ಗಕ್ಕೆ ಸಿಗುತ್ತಿತ್ತು. ಅದೇ ಹಡಗು ಹಿಂದಿರುಗುವಾಗ ಕಾಕಂಬಿಯನ್ನೂ ರಮ್ಮನ್ನೂ ತುಂಬಿಕೊಂಡು ಹೋಗುತ್ತಿತ್ತು. ಹೀಗೆ ಆ ಉಪ್ಪು ಜಮೈಕಾದ ನಾಲಗೆಗೆ ಅಂಟಿತು.

ಆ ಉಪ್ಪಿಗೆ ಜನ ಒಂದು ಕಥೆಯನ್ನೂ ಕಟ್ಟಿದ್ದಾರೆ. ಕೆರಿಬಿಯನ್ನಿನ ಹಲವು ದ್ವೀಪಗಳಲ್ಲಿ ಅದು ಸಿಗುತ್ತದೆ. ಆಫ್ರಿಕಾದಿಂದ ಹಿಡಿದು ತಂದ ಮೊದಲ ತಲೆಮಾರಿನವರಿಗೆ ಹಾರಲು ಬರುತ್ತಿತ್ತಂತೆ. ಒಂದು ದಿನ ಗದ್ದೆಯಲ್ಲಿ ಗುದ್ದಲಿ ಕೈಬಿಟ್ಟು, ಹಾಡುತ್ತ ಹಾಡುತ್ತ ನೆಲ ಬಿಟ್ಟೆದ್ದು, ಸಮುದ್ರ ದಾಟಿ ತಮ್ಮೂರು ಸೇರಿಕೊಂಡರಂತೆ. ಹಿಂದೆ ಉಳಿದವರು ಉಪ್ಪು ತಿಂದವರು. ಉಪ್ಪು ಮೈಯನ್ನು ಭಾರ ಮಾಡಿತು, ಅವರಿಗೆ ಹಾರಲಾಗಲಿಲ್ಲ. ಇಂದಿಗೂ ಜಮೈಕಾದ ರಾಸ್ತಾಫಾರಿ ಪಂಥದ ಅನೇಕರು ಊಟಕ್ಕೆ ಉಪ್ಪು ಹಾಕುವುದಿಲ್ಲ.

ಉಪ್ಪಿನ ಋಣ ಎಂದು ಕೇಳಿ ಬೆಳೆದ ನನಗೆ ಈ ಕಥೆ ಎದೆಗೆ ನೇರವಾಗಿ ತಾಕಿತು. ನಮ್ಮ ಕಡೆ ಉಪ್ಪು ತಿಂದ ಮನೆಗೆ ನಿಷ್ಠೆ ಸಲ್ಲಿಸಬೇಕು. ಈ ದ್ವೀಪದವರಿಗೆ ಉಪ್ಪು ಹಾಕಿದವನು ಅವರನ್ನು ಕೊಂಡವನು. ಆ ಉಪ್ಪೇ ಕಾಲಿನ ಬೇಡಿ. ಚರಿತ್ರೆಕಾರರು ಹಡಗುಕಟ್ಟೆಯ ಕಡತ ಹಿಡಿದು ಅಟ್ಲಾಂಟಿಕ್ ವ್ಯಾಪಾರದ ಬಗ್ಗೆ ಇಡೀ ಗ್ರಂಥದಲ್ಲಿ ಹೇಳುವುದನ್ನು, ಅಕ್ಷರ ಕಲಿಯಲು ಬಿಡದ ಜನ ಒಂದು ಚಿಟಿಕೆ ಉಪ್ಪಿನಲ್ಲಿ ಹೇಳಿಬಿಟ್ಟಿದ್ದಾರೆ.

ಕೆರಿಬಿಯನ್ ಕವಿತೆಯ ಬೆನ್ನುಹತ್ತಿ ನಾನು ಆ ದ್ವೀಪಗಳಿಗೆ ಹೋದದ್ದು. ಆ ಕವಿತೆಗಳಲ್ಲಿ ಬರುವ ದೆವ್ವಗಳನ್ನು, ಜೇಡವನ್ನು, ಕಾಡಿನ ಮುದುಕನನ್ನು ಓದುಗರು ಬಹಳಷ್ಟು ಸಲ ಬಣ್ಣದ ಅಲಂಕಾರವೆಂದು ನೋಡುತ್ತಾರೆ. ಪುಸ್ತಕದ ಹೊದಿಕೆಯ ಮೇಲೆ ತಾಳೆಮರ ಬರೆದ ಹಾಗೆ, ಒಳಗೆ ಒಂದಿಷ್ಟು ಜಾನಪದ. ಅಲ್ಲಿ ಓಡಾಡಿದ ಮೇಲೆ ಆ ಮಾತನ್ನು ನಾನು ಒಪ್ಪಲಾರೆ. ತೋಟದ ಮಾಲೀಕರ ಲೆಕ್ಕದ ಪುಸ್ತಕದಲ್ಲಿ ಗುಲಾಮರ ಹೆಸರು, ವಯಸ್ಸು, ಬೆಲೆ ಹೇಸರಗತ್ತೆ, ಎತ್ತುಗಳ ಪಟ್ಟಿಯ ಪಕ್ಕದಲ್ಲೇ ಇರುತ್ತಿತ್ತು. ಅವರ ಬಗ್ಗೆ ಬರೆದಿಟ್ಟ ಚರಿತ್ರೆ ಬಹುಮಟ್ಟಿಗೆ ಅಷ್ಟೇ. ಉಳಿದದ್ದೆಲ್ಲ ರಾತ್ರಿಯ ಕಥೆಗಳಲ್ಲಿ ಅಡಗಿ ಕೂತಿತ್ತು. ಹಗಲಿನ ಲೆಕ್ಕಕ್ಕೆ ಎದುರಾಗಿ ರಾತ್ರಿಯ ಕಥೆಯನ್ನು ಸಾಕ್ಷಿಗೆ ಕರೆದವರು ಅಲ್ಲಿನ ಕವಿಗಳು.

ಜಮೈಕಾದ ನೈರುತ್ಯ ತೀರದಲ್ಲಿ ಬ್ಲ್ಯಾಕ್ ರಿವರ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ ಪ್ರವಾಸಿಗರು ದೋಣಿ ಹತ್ತಿ ಮೊಸಳೆ ನೋಡಲು ಹೋಗುತ್ತಾರೆ. 1781ರ ಡಿಸೆಂಬರಿನಲ್ಲಿ ಜಾಂಗ್ ಎಂಬ ಹಡಗು ಲಂಗರು ಹಾಕಿದ್ದು ಇಲ್ಲಿ. ಬರುವ ದಾರಿಯಲ್ಲಿ, ಕುಡಿಯುವ ನೀರು ಸಾಲದೆಂಬ ನೆಪ ಹೇಳಿ, ಅದರ ನಾವಿಕರು 130ಕ್ಕೂ ಹೆಚ್ಚು ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದಿದ್ದರು. ಹಡಗಿನ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆಯ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ನಡೆದ ವಾದ ಕೊಲೆಯ ಬಗ್ಗೆ ಅಲ್ಲ, ಸರಕಿನ ನಷ್ಟ ಯಾರ ಲೆಕ್ಕಕ್ಕೆ ಎಂಬ ಬಗ್ಗೆ. ಟೊಬಾಗೊದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ, ಒಂದು ಕಾಲದಲ್ಲಿ ವಕೀಲಿ ಮಾಡುತ್ತಿದ್ದ ಕವಿ ಎಂ. ನೂರ್ಬೆಸೆ ಫಿಲಿಪ್ ಆ ಪ್ರಕರಣದ ಸಣ್ಣದೊಂದು ವರದಿಯನ್ನು ಕೈಗೆತ್ತಿಕೊಂಡು, ಅದರಲ್ಲಿದ್ದ ಪದಗಳನ್ನೇ ಒಡೆದು, ಚೂರು ಮಾಡಿ, ಹಾಳೆಯ ತುಂಬ ಚೆಲ್ಲಿ 2008ರಲ್ಲಿ ‘ಜಾಂಗ್!’ ಎಂಬ ಕಾವ್ಯವನ್ನು ಪ್ರಕಟಿಸಿದರು. ಪುಟ ತೆರೆದರೆ ಅಕ್ಷರಗಳು ನೀರಿನಲ್ಲಿ ತೇಲುತ್ತವೆ, ಮುಳುಗುತ್ತವೆ. ಹೊದಿಕೆಯ ಮೇಲೆ ತಮ್ಮ ಹೆಸರಿನ ಜೊತೆಗೆ, ಈ ಕಥೆಯನ್ನು ತಮಗೆ ಹೇಳಿದವರೆಂದು ಸೆತಾಯೆ ಅದಾಮು ಬೋಟೆಂಗ್ ಎಂಬ ಪೂರ್ವಜರ ದನಿಯ ಹೆಸರನ್ನೂ ಅವರು ಹಾಕಿಸಿದ್ದಾರೆ. ಕೋರ್ಟಿನ ಕಾಗದ ಮತ್ತು ಹಿರಿಯರ ಪಿಸುಮಾತು ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ನಿಂತ ಇಂಥ ಇನ್ನೊಂದು ಕಾವ್ಯ ನನಗೆ ಗೊತ್ತಿಲ್ಲ. ಬ್ಲ್ಯಾಕ್ ರಿವರ್‌ನ ದಂಡೆಯ ಮೇಲೆ ಅದರ ಕೆಲವು ಪುಟ ಓದಲು ಹೋಗಿ, ದನಿ ಎತ್ತಿ ಓದಲಾಗದೆ ಮುಚ್ಚಿಟ್ಟೆ.

ಕಿಂಗ್‌ಸ್ಟನ್ನಿನಿಂದ ಬ್ಲೂ ಮೌಂಟನ್ ಬೆಟ್ಟಗಳ ಕಡೆ ಏರುವ ರಸ್ತೆಯಲ್ಲಿ ಗಾರ್ಡನ್ ಟೌನ್ ಸಿಗುತ್ತದೆ. ಅಲ್ಲಿಯ ಚೌಕದಲ್ಲಿ ಕವಿ ಲೂಯಿಸ್ ಬೆನೆಟ್ ಅವರ ಪ್ರತಿಮೆ ಇದೆ. 2018ರ ಸೆಪ್ಟೆಂಬರ್ 7ರಂದು, ಅವರ ಹುಟ್ಟುಹಬ್ಬದ ದಿನ, ಅದರ ಅನಾವರಣವಾಯಿತು. ಜಮೈಕಾದಲ್ಲಿ ಯಾರೂ ಅವರನ್ನು ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಮಿಸ್ ಲೂ ಎನ್ನುತ್ತಾರೆ. ವ್ಯಾನಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು, ಪ್ರತಿಮೆ ನೋಡಲು ಬಂದೆ ಎಂದು ತಿಳಿದ ಕೂಡಲೇ ಮಿಸ್ ಲೂ ಅವರ ಒಂದು ಪದ್ಯವನ್ನು ಶುರುಮಾಡಿದಳು. ಮುಂದಿನ ಸೀಟಿನವನು ಎರಡನೆಯ ಚರಣ ಹಿಡಿದ. ಕವಿಯೊಬ್ಬರಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಇದೆಯೇ?

1919ರಲ್ಲಿ ಹುಟ್ಟಿದ ಮಿಸ್ ಲೂ ಬರೆದದ್ದು ಜಮೈಕಾದ ಪಾಟ್ವಾದಲ್ಲಿ. ಸಂತೆಯ ಹೆಂಗಸರು, ಟ್ರಾಮಿನ ಜನ ಆಡುವ ಮಾತು ಅದು. ಶಾಲೆಗಳಲ್ಲಿ ಅದನ್ನು ಆಡಿದರೆ ಪೆಟ್ಟು ಬೀಳುತ್ತಿದ್ದ ಕಾಲ. ಮಕ್ಕಳು ತಾವು ಎಂದೂ ಕಾಣದ ಡ್ಯಾಫೊಡಿಲ್ ಹೂವಿನ ಮೇಲಿನ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದರು. ಮನೆಯ ಹಿಂದಿನ ಆಕೀ ಮರಕ್ಕೆ ಪದ್ಯದಲ್ಲಿ ಜಾಗವಿರಲಿಲ್ಲ. ಮಿಸ್ ಲೂ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲಿ ಓದಿ ಬಂದು, ರೇಡಿಯೋದಲ್ಲಿ, ರಂಗದ ಮೇಲೆ, ಟಿವಿಯ ಮಕ್ಕಳ ಕಾರ್ಯಕ್ರಮದಲ್ಲಿ ಅದೇ ಸಂತೆಯ ಮಾತಿನಲ್ಲಿ ನಿಂತರು. 1966ರಲ್ಲಿ ‘ಜಮೈಕಾ ಲೇಬ್ರಿಶ್’ ಸಂಕಲನ ಬಂತು. ವೇದಿಕೆಗೆ ಅವರು ಉಡುತ್ತಿದ್ದದ್ದು ಕೆಂಪು ಚೌಕುಳಿಯ ಬಂದಾನ ಬಟ್ಟೆ. ಇಂದು ಜಮೈಕಾದ ರಾಷ್ಟ್ರೀಯ ಉಡುಪು ಎನ್ನಿಸಿಕೊಂಡಿರುವ ಆ ಬಟ್ಟೆ ಮೂಲದಲ್ಲಿ ನಮ್ಮ ಮದರಾಸಿನ ಮಗ್ಗದ್ದು. ವ್ಯಾಪಾರದ ಹಡಗಿನಲ್ಲಿ ಹೋಗಿ ಸಂತೆಯ ಹೆಂಗಸರ ತಲೆಗೆ ಸುತ್ತಿಕೊಂಡು, ಕೊನೆಗೆ ಕವಿಯ ಮೈಮೇಲೆ ಬಂದು ನಿಂತಿತು.

ಅವರು ಹೇಳಿದ ಕಥೆಗಳಲ್ಲಿ ಮೊದಲ ಸ್ಥಾನ ಅನಾನ್ಸಿಗೆ. ಅನಾನ್ಸಿ ಎಂದರೆ ಜೇಡ. ಒಮ್ಮೊಮ್ಮೆ ಮನುಷ್ಯ, ಒಮ್ಮೊಮ್ಮೆ ಎಂಟು ಕಾಲಿನ ಹುಳು. ಇಂದಿನ ಘಾನಾ ಪ್ರದೇಶದ ಅಕಾನ್ ಜನರಲ್ಲಿ ಅವನು ದೇವರ ಬಳಿ ಹೋಗಿ ಲೋಕದ ಕಥೆಗಳನ್ನೆಲ್ಲ ಗೆದ್ದು ತಂದವನು. ಹಡಗಿನಲ್ಲಿ ಜಮೈಕಾಕ್ಕೆ ಬಂದ ಮೇಲೆ ಅವನಿಗೆ ದೇವರ ಸಹವಾಸ ತಪ್ಪಿತು, ಹಸಿವು ಗಂಟುಬಿತ್ತು. ಹುಲಿಯಣ್ಣನ ಊಟ ಕದಿಯುವುದು, ಬಲಶಾಲಿಗಳನ್ನು ಪರಸ್ಪರ ಜಗಳಕ್ಕೆ ಬಿಡುವುದು, ಸಿಕ್ಕಿಬಿದ್ದರೆ ಸೂರಿನ ಮೂಲೆಗೆ ಹತ್ತಿ ಅಡಗುವುದು ಅವನ ಬದುಕಾಯಿತು. ಕಥೆ ಮುಗಿದ ಮೇಲೆ ಹೇಳುಗ ಸ್ವರ್ಗದ ಬಾಗಿಲು ಕಾಯುವವನನ್ನು ಹೆಸರಿಟ್ಟು ಕರೆದು, ಈ ಮೋಸ ನನ್ನ ಆಯ್ಕೆಯಲ್ಲ ಎಂದು ಕೈತೊಳೆದುಕೊಳ್ಳುವ ಪದ್ಧತಿ ಇದೆ. ಅನಾನ್ಸಿ ಮಕ್ಕಳಿಗೆ ಮೋಸ ಕಲಿಸುತ್ತಾನೆ, ಅವನನ್ನು ಬಿಟ್ಟುಬಿಡಬೇಕು ಎಂಬ ವಾದ ಜಮೈಕಾದಲ್ಲಿ ಈಗಲೂ ಏಳುತ್ತದೆ. ನನಗೆ ಆ ವಾದ ಹಿಡಿಸುವುದಿಲ್ಲ. ಚಾವಟಿಯೂ ಕಾನೂನೂ ಒಂದೇ ಕೈಯಲ್ಲಿದ್ದಾಗ ಇನ್ನೊಬ್ಬನಿಗೆ ಉಳಿಯುವುದು ಬುದ್ಧಿ ಒಂದೇ. ಅದನ್ನು ಮೋಸವೆಂದು ಕರೆಯುವ ಹಕ್ಕು ಚಾವಟಿ ಹಿಡಿದವನಿಗಂತೂ ಇಲ್ಲ.

ಜೇಡದ ಈ ಮುದುಡಿದ ಮೈಯನ್ನು ಗಯಾನಾದ ಲೇಖಕ ವಿಲ್ಸನ್ ಹ್ಯಾರಿಸ್ ಲಿಂಬೋ ಕುಣಿತದಲ್ಲಿ ಕಂಡರು. ಅಡ್ಡಕೋಲಿನ ಕೆಳಗೆ ಬೆನ್ನು ಹಿಂದಕ್ಕೆ ಬಾಗಿಸಿ, ನೆಲಕ್ಕೆ ತಾಗುವಷ್ಟು ಇಳಿದು ತೂರಿಕೊಂಡು ಹೋಗುವ ಕುಣಿತ ಅದು. ಗುಲಾಮರ ಹಡಗಿನ ತಳದಲ್ಲಿ ಎದ್ದು ಕೂರಲೂ ಜಾಗವಿರಲಿಲ್ಲ. ಅಲ್ಲಿ ಮನುಷ್ಯರು ಜೇಡದ ಹಾಗೆ ಕೈಕಾಲು ಮಡಚಿ ಬಿದ್ದಿದ್ದ ನೆನಪು ಕುಣಿತದಲ್ಲಿ ಉಳಿದಿದೆ ಎಂದು ಅವರು 1970ರ ಉಪನ್ಯಾಸಗಳಲ್ಲಿ ಹೇಳಿದರು. ಬಾರ್ಬಡೋಸಿನ ಕಮಾವು ಬ್ರಾತ್‌ವೇಟ್ ಅದೇ ಕುಣಿತವನ್ನು ಕವಿತೆಯ ತಾಳವಾಗಿಸಿದ್ದರು: ಕೋಲಿನ ಕೆಳಗೆ ಹೋಗುವಾಗ ಹಡಗಿನ ಕತ್ತಲೆ, ಆಚೆ ಎದ್ದು ನಿಂತಾಗ ಬೆಳಕು. ಈಗ ರೆಸಾರ್ಟುಗಳಲ್ಲಿ ರಾತ್ರಿಯೂಟದ ನಂತರ ಲಿಂಬೋ ಇರುತ್ತದೆ. ಅತಿಥಿಗಳೂ ಕೋಲಿನ ಕೆಳಗೆ ನುಸುಳುತ್ತಾರೆ. ನಾನು ಉಳಿದುಕೊಂಡಲ್ಲಿ ಅದನ್ನು ಕುಣಿದ ತರುಣನ ಬೆನ್ನು ನೆಲದಿಂದ ಒಂದು ಗೇಣಿನಷ್ಟೂ ಮೇಲಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ರಾತ್‌ವೇಟರನ್ನು ಓದಿದ್ದ ನನ್ನ ಕೈ ಮೇಲೇಳಲಿಲ್ಲ.

ಬ್ರಾತ್‌ವೇಟ್ 1930ರ ಮೇ 11ರಂದು ಬ್ರಿಜ್‌ಟೌನಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಚರಿತ್ರೆ ಓದಿ, 1955ರಿಂದ 1962ರವರೆಗೆ ಘಾನಾದಲ್ಲಿ ಶಿಕ್ಷಣಾಧಿಕಾರಿಯಾಗಿ ಕೆಲಸ ಮಾಡಿದರು. ಅಲ್ಲಿ ಅವರಿಗೆ ತಮ್ಮ ಅಜ್ಜಿಯರ ನಡೆನುಡಿಯ ಮೂಲ ಸಿಕ್ಕಿತು. ‘ದಿ ಅರೈವಂಟ್ಸ್’ ಎಂಬ ಅವರ ಕಾವ್ಯತ್ರಯದಲ್ಲಿ ಅನಾನ್ಸಿಯೂ ಇದ್ದಾನೆ, ಅಕಾನ್ ಡೋಲಿನ ಮಾತೂ ಇದೆ. ಚಂಡಮಾರುತದ ನಾಡಿನ ಕವಿತೆ ಇಂಗ್ಲೆಂಡಿನ ಹದವಾದ ಮಳೆಗೆ ಹುಟ್ಟಿದ ಛಂದಸ್ಸಿನಲ್ಲಿ ಉಸಿರಾಡಲಾರದು ಎಂಬುದು ಅವರ ವಾದ. 1988ರಲ್ಲಿ ಗಿಲ್ಬರ್ಟ್ ಚಂಡಮಾರುತ ಜಮೈಕಾದ ಐರಿಶ್ ಟೌನಿನಲ್ಲಿದ್ದ ಅವರ ಮನೆಯನ್ನೂ ಅಲ್ಲಿ ಕೂಡಿಟ್ಟಿದ್ದ ಪುಸ್ತಕ, ಹಸ್ತಪ್ರತಿ, ಧ್ವನಿಮುದ್ರಿಕೆಗಳ ಭಂಡಾರವನ್ನೂ ಹಾಳುಗೆಡವಿತು. ಯಾವ ಗಾಳಿಯ ದನಿಗಾಗಿ ಅವರು ಭಾಷೆ ಹುಡುಕಿದ್ದರೋ ಅದೇ ಗಾಳಿ.

ಅವರು ಹೇಳಿದ ಒಂದು ದೃಶ್ಯ ನನಗೆ ಅವರ ಎಲ್ಲ ಪುಸ್ತಕಗಳಿಗಿಂತ ಹೆಚ್ಚು ನೆನಪಿನಲ್ಲಿದೆ. ಜಮೈಕಾದ ಉತ್ತರ ತೀರದಲ್ಲಿ ಒಬ್ಬ ಮುದುಕಿ ದಿನಾ ನಸುಕಿನಲ್ಲಿ ತನ್ನ ಅಂಗಳದ ಮರಳನ್ನು ಗುಡಿಸುತ್ತಿದ್ದಳು. ಮರಳಿನ ಅಂಗಳದಲ್ಲಿ ಮರಳು ಗುಡಿಸುವುದು ಏತಕ್ಕೆ? ಒಂದು ಬೆಳಗ್ಗೆ ಎಳೆಬಿಸಿಲಿನಲ್ಲಿ ಅವಳ ಕಾಲುಗಳು ಮರಳಿನ ಮೇಲಲ್ಲ, ನೀರಿನ ಮೇಲೆ ನಡೆಯುತ್ತಿರುವಂತೆ ಅವರಿಗೆ ಕಂಡಿತು. ಒಂದು ಖಂಡದಿಂದ ಇನ್ನೊಂದಕ್ಕೆ ಅವಳು ಇನ್ನೂ ನಡೆದು ಬರುತ್ತಲೇ ಇದ್ದಾಳೆ ಎಂದುಕೊಂಡರು. ಚರಿತ್ರೆ ಮುಂದಕ್ಕೇ ಸಾಗುವುದಿಲ್ಲ, ಅಲೆಯ ಹಾಗೆ ಬಂದು ಮತ್ತೆ ಹಿಂದಕ್ಕೆ ಹೋಗುತ್ತದೆ ಎಂಬ ಅವರ ದೊಡ್ಡ ವಿಚಾರ ಹುಟ್ಟಿದ್ದು ಆ ಪೊರಕೆಯ ಸದ್ದಿನಿಂದ.

ಸೇಂಟ್ ಲೂಸಿಯಾ ಬೇರೆಯದೇ ಲೋಕ. ಬ್ರಿಟಿಷರೂ ಫ್ರೆಂಚರೂ ಒಬ್ಬರಿಂದೊಬ್ಬರು ಕಿತ್ತುಕೊಳ್ಳುತ್ತ 14 ಸಲ ಕೈ ಬದಲಾಯಿಸಿದ ದ್ವೀಪ. ಹಾಗಾಗಿಯೇ ಅದಕ್ಕೆ ವೆಸ್ಟ್ ಇಂಡೀಸಿನ ಹೆಲೆನ್ ಎಂಬ ಅಡ್ಡಹೆಸರು ಬಂತು. ಕಚೇರಿಯಲ್ಲಿ ಇಂಗ್ಲಿಷ್, ಜಗಳಕ್ಕೆ, ಲಾಲಿಗೆ, ಕಥೆಗೆ ಫ್ರೆಂಚ್ ಬೇರಿನ ಕ್ವೆಯೋಲ್. ರಾಜಧಾನಿ ಕಾಸ್ಟ್ರೀಸಿನ ನಡುಮಧ್ಯದ ಚೌಕಕ್ಕೆ ಮೊದಲು ಕೊಲಂಬಸ್ಸನ ಹೆಸರಿತ್ತು. 1993ರಿಂದ ಅದು ಡೆರೆಕ್ ವಾಲ್ಕಾಟ್ ಚೌಕ. ಪಕ್ಕದಲ್ಲಿ ದೊಡ್ಡ ಚರ್ಚು, ಅಂಗಳದಲ್ಲಿ ಕೊಡೆಯಂತೆ ಹರಡಿದ ಹಳೆಯ ಸಮಾನ್ ಮರ. ಕೊಲಂಬಸ್ಸನನ್ನು ಎಬ್ಬಿಸಿ ಕವಿಯನ್ನು ಕೂರಿಸಿದ ಊರು ಎಂಬ ಒಂದೇ ಕಾರಣಕ್ಕೆ ನಾನು ಆ ಮರದ ಕೆಳಗೆ ಬಹಳ ಹೊತ್ತು ಕೂತಿದ್ದೆ.

ವಾಲ್ಕಾಟ್ 1930ರ ಜನವರಿ 23ರಂದು ಈ ಊರಿನಲ್ಲಿ ಹುಟ್ಟಿದರು, ಅವಳಿ ತಮ್ಮ ರೋಡ್ರಿಕ್ ಜೊತೆಗೆ. ಜಲವರ್ಣ ಚಿತ್ರ ಬರೆಯುತ್ತಿದ್ದ ತಂದೆ ಮಕ್ಕಳು ಕೂಸಾಗಿದ್ದಾಗಲೇ ತೀರಿಕೊಂಡರು. ತಾಯಿ ಶಾಲೆಯ ಶಿಕ್ಷಕಿ. ಮಗನ ಮೊದಲ ಪುಸ್ತಕ ಅಚ್ಚಾದದ್ದು ಅವರು ಕೊಟ್ಟ ಹಣದಿಂದ. ಮನೆಯಲ್ಲಿ ಮೆಥಡಿಸ್ಟ್ ಪ್ರಾರ್ಥನೆಯೂ ಶೇಕ್ಸ್‌ಪಿಯರನೂ ಇದ್ದರೆ, ಕತ್ತಲಾದ ಮೇಲೆ ಕಿವಿಗೆ ಬೀಳುತ್ತಿದ್ದದ್ದು ಕ್ವೆಯೋಲ್ ಕಥೆಗಳು. ಆ ಕಥೆಗಳ ಕಾಡಿನಲ್ಲಿ ಪಾಪಾ ಬ್ವಾ ಇರುತ್ತಾನೆ: ಮೈತುಂಬ ಕೂದಲು, ಗಡ್ಡದಲ್ಲಿ ಎಲೆ, ಬೇಟೆಗಾರರ ದಾರಿ ತಪ್ಪಿಸಿ ಪ್ರಾಣಿಗಳನ್ನು ಕಾಯುವ ಮುದುಕ. ದಾರಿಯಲ್ಲಿ ಲಾ ಜಾಬ್ಲೆಸ್ ಎಂಬ ಸುಂದರಿ ಸಿಗುತ್ತಾಳೆ. ಉದ್ದನೆಯ ಲಂಗದ ಕೆಳಗೆ ಒಂದು ಕಾಲು ಮಾತ್ರ ಮನುಷ್ಯರದು, ಇನ್ನೊಂದು ಗೊರಸು.

1958ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಮೊದಲು ಆಡಿದ ‘ಟಿ-ಜಾನ್ ಅಂಡ್ ಹಿಸ್ ಬ್ರದರ್ಸ್’ ನಾಟಕಕ್ಕೆ ವಾಲ್ಕಾಟ್ ಈ ಕಾಡನ್ನೇ ರಂಗಮಾಡಿಕೊಂಡರು. ಕಪ್ಪೆ ಕಥೆ ಹೇಳುತ್ತದೆ, ಜೀರುಂಡೆ, ಹಕ್ಕಿ, ಮಿಂಚುಹುಳು ಕೇಳುತ್ತವೆ. ಮೂವರು ಅಣ್ಣತಮ್ಮಂದಿರು ಸೈತಾನನ ಪಂಥಕ್ಕೆ ಹೋಗುತ್ತಾರೆ. ಸೈತಾನನಿಗೆ ಕೋಪ ಬರಿಸಿದವನಿಗೆ ಬಹುಮಾನ, ಸೋತವನು ಅವನ ಊಟ. ಸೈತಾನ ಒಮ್ಮೆ ಪಾಪಾ ಬ್ವಾನ ಮುಖವಾಡದಲ್ಲಿ ಬರುತ್ತಾನೆ, ಒಮ್ಮೆ ಬಿಳಿಯ ತೋಟದೊಡೆಯನ ಮುಖವಾಡದಲ್ಲಿ. ತೋಳಬಲದ ಹಿರಿಯಣ್ಣನಿಗೆ ಒಡೆಯ ಕೊಡುವ ಕೆಲಸವೆಂದರೆ ಕಬ್ಬಿನ ಗದ್ದೆಯ ಎಲೆಗಳನ್ನು ಎಣಿಸುವುದು. ಎಣಿಸಿ ಎಣಿಸಿ, ತನ್ನ ಹೆಸರನ್ನೂ ಸರಿಯಾಗಿ ಕರೆಯದ ಒಡೆಯನ ಮೇಲೆ ಸಿಟ್ಟು ತಡೆಯಲಾಗದೆ ಅವನು ಸೋತು ಊಟವಾಗುತ್ತಾನೆ. ವಾದ ಮಾಡಿ ಗೆಲ್ಲುತ್ತೇನೆಂದ ನಡುವಿನವನೂ ಹೋಗುತ್ತಾನೆ. ಕಿರಿಯವನು ಟಿ-ಜಾನ್ ಎಣಿಸುವುದೇ ಇಲ್ಲ, ಗದ್ದೆಗೇ ಬೆಂಕಿ ಇಡುತ್ತಾನೆ. ಅಜ್ಜಿಕಥೆಯ ಮೈಯಲ್ಲಿ ಇಡೀ ತೋಟದ ಆಳ್ವಿಕೆಯ ರಹಸ್ಯವನ್ನು ವಾಲ್ಕಾಟ್ ಹೀಗೆ ತೆರೆದಿಟ್ಟರು. ಒಡೆಯನ ಲೆಕ್ಕದೊಳಗೆ ಎಷ್ಟು ದುಡಿದರೂ ಬಿಡುಗಡೆ ಇಲ್ಲ.

ದ್ವೀಪದ ಉತ್ತರದ ತುದಿಯಲ್ಲಿ ಗ್ರೋಜ್ ಇಲೆ ಎಂಬ ಬೆಸ್ತರ ಹಳ್ಳಿ. ವಾಲ್ಕಾಟರ 1990ರ ಮಹಾಕಾವ್ಯ ‘ಒಮೆರೋಸ್’ ನಡೆಯುವುದು ಈ ತೀರದಲ್ಲಿ. ಅಕೀಲ್, ಹೆಕ್ಟರ್, ಹೆಲೆನ್ ಎಂದು ಹೋಮರನ ಪಾತ್ರಗಳ ಹೆಸರು ಹೊತ್ತವರು ಇಲ್ಲಿ ದೋಣಿ ನಡೆಸುವ, ವ್ಯಾನ್ ಓಡಿಸುವ, ಮನೆಗೆಲಸ ಮಾಡುವ ಬಡವರು. ಅಕೀಲ್ ತನ್ನ ದೋಣಿಯ ಮೇಲೆ ಬರೆಸಿಕೊಂಡ ದೇವರ ವಾಕ್ಯದಲ್ಲಿ ಕಾಗುಣಿತದ ತಪ್ಪಿದೆ. ತಿದ್ದಲು ಅವನು ಒಪ್ಪುವುದಿಲ್ಲ. ಫಿಲೊಕ್ಟೀಟ್ ಎಂಬವನ ಕಾಲಿಗೆ ತುಕ್ಕುಹಿಡಿದ ಲಂಗರು ತಾಗಿ ಆದ ಗಾಯ ಬಹುಕಾಲ ಮಾಯುವುದಿಲ್ಲ. ಅದು ಬೇಡಿ ತೊಟ್ಟ ತನ್ನ ಹಿರಿಯರ ಕಾಲಿನ ಗಾಯವೆಂದು ಅವನ ನಂಬಿಕೆ. ಕಾವ್ಯದ ಮೊದಲಲ್ಲೇ ಅವನು ಚಿಲ್ಲರೆ ಕಾಸಿಗೆ ಆ ಕಲೆಯನ್ನು ಪ್ರವಾಸಿಗರಿಗೆ ತೋರಿಸುತ್ತಾನೆ. ಕ್ಯಾಮೆರಾ ಹಿಡಿದು ಆ ದಂಡೆಗೆ ಹೋಗುವ ಯಾರನ್ನಾದರೂ ಆ ಸಾಲುಗಳು ತಡೆದು ನಿಲ್ಲಿಸುತ್ತವೆ. ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದೆ.

ಗಾಯ ಮಾಗುವ ಬಗೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಣ್ಣ ಮದ್ಯದಂಗಡಿ ನಡೆಸುವ ಮಾ ಕಿಲ್‌ಮನ್ ಎಂಬ ಮುದುಕಿಗೆ ತನ್ನ ಅಜ್ಜಿಯ ಕಾಲದ ಗಿಡಮೂಲಿಕೆಯ ಜ್ಞಾನ ಮಸುಕಾಗಿ ನೆನಪಿದೆ. ಆ ಜ್ಞಾನವನ್ನು ಓಬಿಯಾ ಎಂದು ಕರೆದು ಬ್ರಿಟಿಷ್ ವಸಾಹತುಗಳು ಕಾನೂನಿನಿಂದ ನಿಷೇಧಿಸಿದ್ದವು. ಜಮೈಕಾದಲ್ಲಿ ಆ ಕಾನೂನು ಬಂದದ್ದು 1760ರ ಗುಲಾಮರ ದಂಗೆಯ ಬೆನ್ನಲ್ಲೇ. ಮಾ ಕಿಲ್‌ಮನ್ ಚರ್ಚಿನಿಂದ ಹೊರಬಿದ್ದು ಬೆಟ್ಟ ಹತ್ತುತ್ತಾಳೆ. ಇರುವೆಗಳ ಸಾಲು ಅವಳಿಗೆ ದಾರಿ ತೋರಿಸುತ್ತದೆ. ಕೊನೆಗೆ ಸಿಗುವುದು ಕೆಟ್ಟ ವಾಸನೆಯ ಒಂದು ಗಿಡ. ಅದರ ಬೀಜವನ್ನು ಆಫ್ರಿಕಾದಿಂದ ಒಂದು ಬಾನಾಡಿ ಹೊಟ್ಟೆಯಲ್ಲಿಟ್ಟುಕೊಂಡು ಸಾಗರ ದಾಟಿ ತಂದಿತ್ತು. ಆ ಬೇರು ಕುದಿಸಿದ ನೀರಿನಲ್ಲಿ ಅವಳು ಫಿಲೊಕ್ಟೀಟನಿಗೆ ಸ್ನಾನ ಮಾಡಿಸುತ್ತಾಳೆ. ಸ್ನಾನದ ತೊಟ್ಟಿ ಯಾವುದು ಗೊತ್ತೇ? ಹಳೆಯ ಸಕ್ಕರೆ ಗಿರಣಿಯಲ್ಲಿ ಕಬ್ಬಿನ ಹಾಲು ಕಾಯಿಸುತ್ತಿದ್ದ ಕಬ್ಬಿಣದ ಕೊಪ್ಪರಿಗೆ. ಸೇಂಟ್ ಲೂಸಿಯಾದಲ್ಲಿ ಅಂಥ ಕೊಪ್ಪರಿಗೆಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಹೋಟೆಲುಗಳ ಅಂಗಳದಲ್ಲಿ ಹೂಗಿಡ ನೆಟ್ಟು ಇಟ್ಟಿರುತ್ತಾರೆ. ಸಲ್ಫರ್ ಸ್ಪ್ರಿಂಗ್ಸ್‌ಗೆ ಹೋಗುವ ದಾರಿಯಲ್ಲಿ ಅಂಥದ್ದೊಂದರ ಅಂಚನ್ನು ಮುಟ್ಟಿದೆ. ಬಿಸಿಲಿಗೆ ಸುಡುತ್ತಿತ್ತು. ಹಕ್ಕಿಯ ಹೊಟ್ಟೆಯಲ್ಲಿ ಬಂದ ಬೀಜ, ನಿಷೇಧಿತ ಮುದುಕಿಯ ವಿದ್ಯೆ, ತೋಟದ ಕೊಪ್ಪರಿಗೆ ಮೂರನ್ನೂ ಒಂದು ಸ್ನಾನದಲ್ಲಿ ಕೂಡಿಸಿದ ಆ ಪ್ರಸಂಗವೇ ವಾಲ್ಕಾಟರ ಬರಹದ ಶಿಖರ ಎಂದು ನಾನು ನಂಬಿದ್ದೇನೆ. ಹೋಮರನ ನೆರಳನ್ನು ಹೊಗಳುವ ವಿಮರ್ಶಕರು ಈ ಮುದುಕಿಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.

ಟ್ರಿನಿಡಾಡಿಗೆ ಬಂದರೆ ನಮ್ಮವರ ನೆನಪು ತಾನಾಗಿ ಬರುತ್ತದೆ. ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್ ಕ್ರೀಡಾಂಗಣದ ಗೇಟಿನ ಮುಂದೆ ನಿಂತು 1976ರಲ್ಲಿ ನಮ್ಮ ಜಿ. ಆರ್. ವಿಶ್ವನಾಥ್ ಹೊಡೆದ 112 ರನ್ನುಗಳನ್ನು ನೆನೆಯದ ಕನ್ನಡಿಗ ಇರಲಾರ. ಭಾರತ ಅಂದು 403ರ ಗುರಿ ಮುಟ್ಟಿ ಗೆದ್ದಿತ್ತು. ಅದಕ್ಕೂ ಮುಂಚೆ, 1971ರ ಸರಣಿಯ ಗಾವಸ್ಕರ್ ಮೇಲೆ ಇಲ್ಲಿಯ ಲಾರ್ಡ್ ರಿಲೇಟರ್ ಕಲಿಪ್ಸೊ ಕಟ್ಟಿದ್ದ. ಊರಿನ ಸುದ್ದಿ, ರಾಜಕೀಯ, ಗೆದ್ದು ಹೋದ ಎದುರಾಳಿ ಯಾವುದನ್ನೂ ಬಿಡದೆ ಹಾಡಾಗಿಸುವ ಬಾಯಿಮಾತಿನ ಕಾವ್ಯ ಅದು.

ಇದೇ ನಗರದ ಸೇಂಟ್ ಜೇಮ್ಸ್ ಬಡಾವಣೆಯಲ್ಲಿ ಹೊಸೇ ಎಂಬ ಆಚರಣೆ ನಡೆಯುತ್ತದೆ. ಅದು ನಮ್ಮ ಮೊಹರಂ. ಬಿದಿರು, ಬಣ್ಣದ ಕಾಗದದಿಂದ ಕಟ್ಟಿದ ಎತ್ತರದ ತಾಜಿಯಾಗಳು, ಹೆಗಲ ಮೇಲೆ ಕುಣಿಯುವ ಕೆಂಪು, ಹಸಿರು ಚಂದ್ರಗಳು, ಎದೆ ನಡುಗಿಸುವ ತಾಸೆ. ಹಿಂದೂಗಳೂ, ಆಫ್ರಿಕನ್ ಮೂಲದವರೂ ಅದರಲ್ಲಿ ಸೇರುತ್ತಾರೆ. ಮುದಗಲ್ಲಿನಲ್ಲಿ ಅಲೈ ಕುಣಿತ ನೋಡಿದವರಿಗೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮುಸ್ಲಿಮರು ಇರಲಿ ಬಿಡಲಿ ಊರೇ ಕೂಡಿ ದೇವರು ಕೂರಿಸಿ ಕರ್ಬಲಾದ ರಿವಾಯತ್ ಪದ ಹಾಡುವುದನ್ನು ಕೇಳಿದವರಿಗೆ, ತಾಜಿಯಾ ಕಟ್ಟುವ ಸೇಂಟ್ ಜೇಮ್ಸಿನ ಅಂಗಳ ಅಪರಿಚಿತ ಅನ್ನಿಸುವುದಿಲ್ಲ. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಪಟ್ಟಣಕ್ಕೆ ಬರುತ್ತಿದ್ದ ಭಾರತೀಯ ಕೂಲಿಗಳ ಹೊಸೇ ಮೆರವಣಿಗೆಗಳ ಮೇಲೆ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಹಾಡು, ಡೋಲು, ಮೆರವಣಿಗೆ ಎಂದರೆ ತೋಟದೊಡೆಯರಿಗೆ ಎಂದಿಗೂ ಭಯವೇ.

ಕೂಲಿಗಳು ಬಂದದ್ದು ಗುಲಾಮಗಿರಿ ಮುಗಿದ ಮೇಲೆ. 1838ರ ಮೇ 5ರಂದು ಗಯಾನಾಕ್ಕೆ ವಿಟ್ಬಿ, ಹೆಸ್ಪರಸ್ ಎಂಬ ಹಡಗುಗಳು, 1845ರ ಮೇ 30ರಂದು ಟ್ರಿನಿಡಾಡಿಗೆ ಫತೇಲ್ ರಜಾಕ್. ಅಲ್ಲಿಂದ 1917ರವರೆಗೆ ಟ್ರಿನಿಡಾಡ್ ಒಂದಕ್ಕೇ ಸುಮಾರು 1,44,000 ಜನ. ಹೆಚ್ಚಿನವರು ಭೋಜಪುರಿ ಸೀಮೆಯವರು, ಕಲ್ಕತ್ತೆಯಿಂದ ಹಡಗು ಹತ್ತಿದವರು. ಮದರಾಸಿನಿಂದ ಹತ್ತಿದವರು ಮಾರಿಯಮ್ಮನನ್ನು ಜೊತೆಗೆ ಕರೆದೊಯ್ದರು. ಗಯಾನಾದ ಮಹಾದಾಯಿ ದಾಸ್, ಡೇವಿಡ್ ಡಬಿಡೀನ್ ಈ ಹಡಗುಗಳ ಕವಿಗಳು. 2003ರಲ್ಲಿ, ನಲವತ್ತೆಂಟಕ್ಕೇ ತೀರಿಹೋದ ಮಹಾದಾಯಿ ದಾಸ್ ನಮ್ಮ ದೇಶದಲ್ಲಿ ಇನ್ನೂ ಓದುಗರನ್ನು ಕಾಯುತ್ತಿದ್ದಾರೆ.

ಕರೋನಿ ಬಯಲಿನಲ್ಲಿ ಫೆಲಿಸಿಟಿ ಎಂಬ ಹಳ್ಳಿ. 1992ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸುವಾಗ ವಾಲ್ಕಾಟ್ ತಮ್ಮ ಭಾಷಣವನ್ನು ಸ್ವಂತ ದ್ವೀಪದಿಂದ ಆರಂಭಿಸಲಿಲ್ಲ; ಈ ಹಳ್ಳಿಯ ರಾಮಲೀಲೆಯಿಂದ ಆರಂಭಿಸಿದರು. ಕಬ್ಬಿನ ಗದ್ದೆಯ ಪಕ್ಕದ ಮೈದಾನದಲ್ಲಿ ಬಿದಿರಿನ ಬೃಹತ್ ರಾವಣ, ಬಿಲ್ಲು ಹಿಡಿದ ಹುಡುಗರು. ತಾವು ಮೊದಲು ಅದನ್ನು ನಾಟಕವೆಂದು, ಕಳೆದುಹೋದ ಭಾರತದ ಪ್ರತಿಧ್ವನಿ ಎಂದು ನೋಡಿದ್ದು ಸರಿಯಲ್ಲ ಎಂದು ಅವರು ಅಷ್ಟು ದೊಡ್ಡ ಸಭೆಯಲ್ಲಿ ಹೇಳಿದರು. ಆ ಹುಡುಗರು ನಟರಲ್ಲ, ನಂಬಿದವರು. ಅಲ್ಲಿ ಇದ್ದದ್ದು ನಷ್ಟದ ಶೋಕವಲ್ಲ, ಕಣ್ಣೆದುರಿನ ಸಂಭ್ರಮ. ಒಬ್ಬ ಕವಿ ಇನ್ನೊಂದು ಜನಾಂಗದ ಕಥೆಗೆ ಇದಕ್ಕಿಂತ ಹೆಚ್ಚಿನ ಗೌರವ ಸಲ್ಲಿಸಿದ್ದನ್ನು ನಾನು ಓದಿಲ್ಲ.

ರಾಮಲೀಲೆಯ ಕಾಲಕ್ಕೇ ನಾನು ಅಲ್ಲಿಗೆ ಹೋದೆ. ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲಿ ಮುಚ್ಚಿದ ಮೇಲೆ ಬಯಲಿನ ಕಬ್ಬು ಹೋಗಿದೆ. ಮೈದಾನ, ಬಿದಿರಿನ ರಾವಣ, ಧ್ವನಿವರ್ಧಕದಲ್ಲಿ ತುಳಸೀದಾಸರ ಪಾಠ ಉಳಿದಿವೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಮೊಮ್ಮಕ್ಕಳ ಜೊತೆ ಕೂತಿದ್ದರು. ಯುದ್ಧ ಶುರುವಾಗುವುದಕ್ಕೆ ಇನ್ನೂ ಹೊತ್ತಿತ್ತು, ಮಾತು ದೆವ್ವಗಳಿಗೆ ಹೊರಳಿತು. ಚುರೈಲ್ ಗೊತ್ತೇ ಎಂದು ಕೇಳಿದರು. ಹೆರಿಗೆಯಲ್ಲಿ ಸತ್ತವಳು, ಕೂಸನ್ನು ಎತ್ತಿಕೊಂಡು ರಾತ್ರಿ ಅಳುತ್ತ ತಿರುಗುವವಳು. ನಮ್ಮ ನಾನಿಯ ಅಮ್ಮನ ಹಡಗಿನಲ್ಲೇ ಅವಳೂ ಬಂದಳು ಎಂದರು, ನೆಂಟರೊಬ್ಬರ ಸುದ್ದಿ ಹೇಳುವಷ್ಟು ಸಹಜವಾಗಿ. ಇಲ್ಲಿಗೆ ಬಂದ ಮೇಲೆ ಅವಳಿಗೆ ಆಫ್ರಿಕನ್, ಫ್ರೆಂಚ್ ನೆರೆಹೊರೆ ಸಿಕ್ಕಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಮಕ್ಕಳ ದೆವ್ವ ಡುವೆನ್, ಮುಖವಿಲ್ಲ, ಪಾದ ಹಿಂದುಮುಂದು. ರಾತ್ರಿ ಚರ್ಮ ಕಳಚಿ ಒರಳಿನಲ್ಲಿಟ್ಟು, ಬೆಂಕಿಯ ಉಂಡೆಯಾಗಿ ಹಾರಿ, ಮಲಗಿದವರ ರಕ್ತ ಹೀರುವ ಮುದುಕಿ ಸೂಕುಯಾನ್. ಎಳೆಕೂಸುಗಳು ಕಣ್ಣೆದುರೇ ಸಾಯುತ್ತಿದ್ದ, ದುಡಿಯುವವರ ನೆತ್ತರು ಯಾರದೋ ಸಕ್ಕರೆಯಾಗುತ್ತಿದ್ದ ನೆಲದಲ್ಲಿ ಈ ದೆವ್ವಗಳು ಹುಟ್ಟದೆ ಇನ್ನೇನು ಹುಟ್ಟೀತು ಎಂದು ನನಗೆ ಅನ್ನಿಸಿತು.

ಸೂಕುಯಾನಳಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂದು ಕೇಳಿದೆ. ಮೊಮ್ಮಗಳು ಅಜ್ಜಿಗಿಂತ ಮುಂಚೆ ಹೇಳಿದಳು. ಹೊಸ್ತಿಲ ಮೇಲೆ ಅಕ್ಕಿ ಚೆಲ್ಲಬೇಕು. ಒಂದೊಂದು ಕಾಳನ್ನೂ ಎಣಿಸದೆ ಅವಳು ಒಳಗೆ ಬರುವಂತಿಲ್ಲ. ಎಣಿಸಿ ಮುಗಿಯುವುದರೊಳಗೆ ಬೆಳಕು ಹರಿಯುತ್ತದೆ. ರಕ್ತ ಹೀರುವವಳಿಗೆ ಲೆಕ್ಕದ ಚಟ! ಕಬ್ಬಿನೆಲೆ ಎಣಿಸಲು ಹಚ್ಚಿದ ತೋಟದೊಡೆಯನೂ, ತಲೆಗೆ 30 ಪೌಂಡ್ ಬರೆದ ಹಡಗಿನ ಮಾಲೀಕನೂ ಆ ಹೊಸ್ತಿಲ ಮುಂದೆ ಮಂಡಿಯೂರಿ ಕೂತಂತಾಯಿತು.

ನಿಮ್ಮ ಕಡೆ ಏನು ಮಾಡುತ್ತೀರಿ ಎಂದು ಅಜ್ಜಿ ಕೇಳಿದರು. ನಮ್ಮಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಾರೆ, ದೆವ್ವ ಓದಿ ಹಿಂದಕ್ಕೆ ಹೋಗುತ್ತದೆ ಎಂದೆ.

“ಮಾರನೆಯ ದಿನ ಬಂದರೆ?”

“ಬಂದರೂ ಅದನ್ನೇ ಓದಬೇಕಲ್ಲ.”

ಅಜ್ಜಿ ಬಾಯ್ತುಂಬ ನಕ್ಕು, ಹಿಂದಿನ ಸಾಲಿಗೆ ತಿರುಗಿ ಅದನ್ನು ತಮ್ಮ ಮಾತಿನಲ್ಲಿ ಹೇಳತೊಡಗಿದರು. ಅವರ ಬಾಯಲ್ಲಿ ಬಾಗಿಲು ಆಗಲೇ ದೊಡ್ಡದಾಗಿತ್ತು, ದೆವ್ವಕ್ಕೆ ಒಂದು ಕನ್ನಡಕವೂ ಬಂದಿತ್ತು.